ಓದುಗರ ಪ್ರಶ್ನೆ: ಫೀಜಿಯ ಬೊಕ್ಕಸ, ಬಂದರು, ಬೇನೆ

ಶಾಂತಸಾಗರದ ಫೀಜಿ ದ್ವೀಪಗಳು 1874ರಿಂದ 1970ರವರೆಗೆ ಬ್ರಿಟಿಷರ ವಸಾಹತು. ಅಲ್ಲಿನ ಹಣಕಾಸು, ವ್ಯಾಪಾರ, ವೈದ್ಯ ವ್ಯವಸ್ಥೆ ಕುರಿತು ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಲೆಕ್ಕ ಹಿಡಿಯಲು ಇಷ್ಟು ನೆನಪಿಟ್ಟುಕೊಳ್ಳಿ: 1 ಪೌಂಡಿಗೆ 20 ಶಿಲಿಂಗ್, 1 ಶಿಲಿಂಗಿಗೆ 12 ಪೆನ್ಸ್. ಕಳೆದ ಶತಮಾನದ ಮೊದಲ ದಶಕಗಳ ವಿನಿಮಯದಲ್ಲಿ 1 ಪೆನಿ ಎಂದರೆ ನಮ್ಮ 1 ಆಣೆ.

ಪ್ರಶ್ನೆ: ಅಷ್ಟು ದೂರದ ದ್ವೀಪಗಳನ್ನು ಬ್ರಿಟಿಷರು ಹಿಡಿದದ್ದು ಲಾಭಕ್ಕೇ ತಾನೇ? ಆಡಳಿತದ ಖರ್ಚು ಯಾರು ಕೊಡುತ್ತಿದ್ದರು? — ಗದಗದ ಓದುಗರೊಬ್ಬರು

ಉತ್ತರ: ಲಾಭದ ಆಸೆ ಇದ್ದದ್ದು ಅಲ್ಲಿ ನೆಲೆ ನಿಂತ ಬಿಳಿಯ ತೋಟಗಾರರಿಗೆ. ಲಂಡನ್ನಿನ ಖಜಾನೆಗೆ ಫೀಜಿ ಬೇಡದ ಕೂಸು. 1858ರಲ್ಲಿ ಬಾವ್ ದ್ವೀಪದ ಒಡೆಯ ಥಾಕೊಂಬಾವ್ ತಾನಾಗಿಯೇ ನಾಡನ್ನು ಒಪ್ಪಿಸುತ್ತೇನೆ ಅಂದಾಗ ಬ್ರಿಟನ್ ಒಲ್ಲೆ ಎಂದಿತ್ತು.

ಅವನು ಒಪ್ಪಿಸಲು ಹೊರಟದ್ದೇ ಒಂದು ಸಾಲದ ಕಾಟಕ್ಕೆ. 1849ರ ಜುಲೈ 4ರಂದು ನುಕುಲಾವ್ ದ್ವೀಪದಲ್ಲಿ ಅಮೆರಿಕದ ವಾಣಿಜ್ಯ ಪ್ರತಿನಿಧಿ ಜಾನ್ ಬ್ರೌನ್ ವಿಲಿಯಮ್ಸ್ ತನ್ನ ದೇಶದ ಹಬ್ಬ ಮಾಡುತ್ತಿದ್ದಾಗ ಮನೆಗೆ ಬೆಂಕಿ ಬಿತ್ತು, ಸುತ್ತಲಿನವರು ಸಾಮಾನು ದೋಚಿದರು. ಮೊದಲು 5 ಸಾವಿರ ಡಾಲರ್ ಕೇಳಿದ ಆತನ ದಾವೆ, ಬೇರೆ ಅಮೆರಿಕನ್ನರ ದಾವೆಗಳೂ ಸೇರಿ 40 ಸಾವಿರ ದಾಟಿತು. ವಸೂಲಿಗೆ ಯುದ್ಧನೌಕೆಗಳು ಬಂದವು. 1868ರಲ್ಲಿ ಮೆಲ್ಬೋರ್ನಿನ ಪಾಲಿನೇಷಿಯಾ ಕಂಪನಿ ಸಾಲ ತೀರಿಸುವ ಹೊಣೆ ಹೊತ್ತು, ಬದಲಿಗೆ 2 ಲಕ್ಷ ಎಕರೆ ಬರೆಸಿಕೊಂಡಿತು.

ನೀವು ಗದಗದವರಾದ್ದರಿಂದ ಇನ್ನೊಂದು ಮಾತು. ಅಮೆರಿಕದ ಅಂತರ್ಯುದ್ಧದ ದಿನಗಳಲ್ಲಿ ಧಾರವಾಡ ಸೀಮೆಯ ಹತ್ತಿಗೆ ಬಂದ ಬೆಲೆ ಫೀಜಿಯ ಹತ್ತಿಗೂ ಬಂತು. ಆ ಬೆಲೆ ನಂಬಿ ಆಸ್ಟ್ರೇಲಿಯಾದಿಂದ ತೋಟಗಾರರು ಹಿಂಡು ಹಿಂಡಾಗಿ ಇಳಿದರು. 1870ರ ಸುಮಾರಿಗೆ ಬೆಲೆ ಮುರಿದು ಬಿತ್ತು. 1871ರಲ್ಲಿ ಅವರೂ ಥಾಕೊಂಬಾವೂ ಕೂಡಿ ಕಟ್ಟಿದ ಸರ್ಕಾರ ಆಳು ತಲೆಗೆ 1 ಪೌಂಡ್ ಕಂದಾಯ ಹಾಕಿತು. ಕಟ್ಟಲಾಗದವರನ್ನು ತೋಟಗಳಿಗೆ ದುಡಿಯಲು ಅಟ್ಟಿತು. ಆದರೂ ಬೊಕ್ಕಸ ತುಂಬಲಿಲ್ಲ. 1874ರ ಅಕ್ಟೋಬರ್ 10ರಂದು ಆಗಿನ ರಾಜಧಾನಿ ಲೆವುಕಾದಲ್ಲಿ ನಾಡು ಬ್ರಿಟಿಷರಿಗೆ ಹಸ್ತಾಂತರವಾಯಿತು.

ಆಮೇಲೆ ಲಂಡನ್ ಸುಮಾರು 1 ಲಕ್ಷ ಪೌಂಡ್ ಮುಂಗಡ ಕೊಟ್ಟು, ಮುಂದಿನದು ನಿಮ್ಮ ದುಡಿಮೆ ಅಂದಿತು. ವಸಾಹತು ತನ್ನ ಖರ್ಚನ್ನು ತಾನೇ ಹುಟ್ಟಿಸಿಕೊಳ್ಳಬೇಕು. ನೆರವು ಕೇಳಿದರೆ ಬ್ರಿಟಿಷ್ ಖಜಾನೆಯ ಗುಮಾಸ್ತರು ಪ್ರತಿ ಸಂಬಳ, ಪ್ರತಿ ಸೇತುವೆಯ ಲೆಕ್ಕ ತಡವುತ್ತಾರೆ. ಹಾಗಾಗಿ ಗವರ್ನರುಗಳಿಗೆ ಆದಾಯದ ಮೊದಲ ದಾರಿ ಬಂದರಿನ ಸುಂಕ. ವಸೂಲಿ ಸುಲಭ: ಒಂದು ಕಟ್ಟೆ, ನಾಲ್ಕು ಗುಮಾಸ್ತರು, ಒಂದು ತಕ್ಕಡಿ ಸಾಕು. ಇದರ ಕೆಡುಕು ಬೇರೆ. ಬಟ್ಟೆ, ಹೊಗೆಸೊಪ್ಪು, ಡಬ್ಬಿ ಮಾಂಸ, ಅಕ್ಕಿಗೆ ಸುಂಕ ಹಾಕಿದಾಗ ಕೂಲಿಯವನ ಆದಾಯದಲ್ಲಿ ಹೋಗುವ ಪಾಲು ದೊಡ್ಡದು, ಕಂಪನಿಯ ಆದಾಯದಲ್ಲಿ ಹೋಗುವುದು ಚೂರು. ಅದು ಸಾಲದೆಂಬಂತೆ 1920ರ ದಶಕದಲ್ಲಿ ಫೀಜಿ ಮೂಲದವರಲ್ಲದ 18ರಿಂದ 60 ವಯಸ್ಸಿನ ಗಂಡಸರಿಗೆಲ್ಲ ವರ್ಷಕ್ಕೆ 1 ಪೌಂಡ್ ತಲೆಗಂದಾಯ ಬಂತು. ಶಾಸನ ಸಭೆಗೆ ನೇಮಕವಾದ ಮೊದಲ ಭಾರತೀಯ ಬದರಿ ಮಹಾರಾಜ್ ಅದನ್ನು ವಿರೋಧಿಸಿ ರಾಜೀನಾಮೆ ಕೊಟ್ಟರು.

ಪ್ರಶ್ನೆ: ಫೀಜಿಯ ಹಳ್ಳಿಗರು ಕಂದಾಯವನ್ನು ಕೊಬ್ಬರಿಯಲ್ಲಿ ಕಟ್ಟುತ್ತಿದ್ದರಂತೆ. ನಮ್ಮ ಕೊಬ್ಬರಿಯಂಥದ್ದೇನಾ? ಲೆಕ್ಕ ಹೇಗೆ ಹಾಕುತ್ತಿದ್ದರು? — ತಿಪಟೂರಿನಿಂದ

ಉತ್ತರ: ಹೌದು, ಕೊಬ್ಬರಿಯೇ. ಆದರೆ ತಿಪಟೂರಿನ ಉಂಡೆ ಕೊಬ್ಬರಿ ಅಲ್ಲ. ಇಲ್ಲಿ ಇಡೀ ಕಾಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು, ಒಳಗಿನ ನೀರು ತಾನಾಗಿ ಇಂಗಿ ಉಂಡೆ ಅಲುಗಾಡುವವರೆಗೆ ಕಾಯುತ್ತೇವೆ. ಅಲ್ಲಿಯದು ಗಿಟುಕು: ಬಲಿತ ಕಾಯಿ ಒಡೆದು, ತಿರುಳನ್ನು ಬಿಸಿಲಿಗೋ ಹೊಗೆಗೂಡಿಗೋ ಹಾಕಿ ಒಣಗಿಸಿ, ಎಣ್ಣೆ ಗಿರಣಿಗೆ ಕಳಿಸುವ ಮಾಲು. ಬಾಯಿಗೆ ಹಾಕಿಕೊಳ್ಳುವ ಸರಕಲ್ಲ. ಯುರೋಪಿನ ಸಾಬೂನು, ಮಾರ್ಗರೀನ್ ಕಾರ್ಖಾನೆಗಳಿಗೆ ಹೋಗುತ್ತಿತ್ತು. ಒಂದು ಟನ್ನಿಗೆ 5ರಿಂದ 6 ಸಾವಿರ ಕಾಯಿ ಬೇಕು.

ಕಂದಾಯದ ಏರ್ಪಾಡು ಮೊದಲ ಖಾಯಂ ಗವರ್ನರ್ ಸರ್ ಆರ್ಥರ್ ಗಾರ್ಡನ್ 1876ರಲ್ಲಿ ತಂದದ್ದು. ರೂಪಿಸುವುದರಲ್ಲಿ ವಸಾಹತಿನ ಅಧಿಕಾರಿ ಜಾನ್ ಬೇಟ್ಸ್ ಥರ್ಸ್ಟನ್ನನ ಕೈ ದೊಡ್ಡದು. ತಲೆಗಂದಾಯ ಹಾಕಿದರೆ ಹಳ್ಳಿಗ ನಗದಿಗಾಗಿ ತೋಟದ ಕೂಲಿಗೆ ಹೋಗಲೇಬೇಕು, ಹಳ್ಳಿ ಒಡೆಯುತ್ತದೆ. ಅದನ್ನು ತಪ್ಪಿಸಲು ಈ ಕ್ರಮ. ಪ್ರತಿ ವರ್ಷ ಶಾಸನ ಸಭೆ ಒಂದೊಂದು ಪ್ರಾಂತಕ್ಕೆ ಇಷ್ಟು ಪೌಂಡ್ ಎಂದು ಗೊತ್ತು ಮಾಡುತ್ತಿತ್ತು. ಪ್ರಾಂತದ ಮುಖ್ಯಸ್ಥ ಅದನ್ನು ಜಿಲ್ಲೆಗಳಿಗೆ, ಜಿಲ್ಲೆಯವರು ಹಳ್ಳಿಗಳಿಗೆ ಹಂಚುತ್ತಿದ್ದರು. ಇತ್ತ ಸರ್ಕಾರ ವರ್ತಕರಿಂದ ಟೆಂಡರ್ ಕರೆದು ಕೊಬ್ಬರಿ, ಹತ್ತಿ, ಮುಸುಕಿನ ಜೋಳ, ಹೊಗೆಸೊಪ್ಪು, ಕಾಫಿ ಮೊದಲಾದವಕ್ಕೆ ಆ ವರ್ಷದ ದರ ಕಟ್ಟುತ್ತಿತ್ತು. ಹಳ್ಳಿ ಆ ದರದಲ್ಲಿ ಮಾಲು ಒಪ್ಪಿಸಬೇಕು. ಹೆಚ್ಚು ಒಪ್ಪಿಸಿದರೆ ಹೆಚ್ಚಿನದರ ಹಣ ವಾಪಸ್.

ಲೆಕ್ಕ ತಿಳಿಯಲಿ ಎಂದು ನಾವೇ ಕಟ್ಟಿದ ಒಂದು ಉದಾಹರಣೆ: ಹಳ್ಳಿಯ ಪಾಲಿಗೆ 20 ಪೌಂಡ್ ಬಿತ್ತು, ದರ ಟನ್ನಿಗೆ 10 ಪೌಂಡ್ ಅಂದುಕೊಳ್ಳಿ. 2 ಟನ್, ಅಂದರೆ 10ರಿಂದ 12 ಸಾವಿರ ಕಾಯಿ ಕೊಟ್ಟರೆ ಕಂದಾಯ ಚುಕ್ತಾ. 3 ಟನ್ ಕೊಟ್ಟರೆ 10 ಪೌಂಡ್ ಹಳ್ಳಿಗೆ ಮರಳಿತು. ಒಂಟಿ ಹಳ್ಳಿಗ ಸಣ್ಣ ದೋಣಿ ವರ್ತಕನಿಗೆ ಮಾರಿದ್ದರೆ, ಆತ ಹಣದ ಬದಲು ಬಟ್ಟೆ, ಕತ್ತಿ ಕೊಟ್ಟು ಎರಡು ಕಡೆ ಹೊಡೆಯುತ್ತಿದ್ದ. ಒಟ್ಟು ಸರಕಿಗೆ ಟೆಂಡರ್ ಕರೆದದ್ದರಿಂದ ಅದಕ್ಕಿಂತ ಒಳ್ಳೆಯ ದರ ಸಿಕ್ಕಿತು. ವರ್ತಕರು ಈ ಕ್ರಮವನ್ನು ಬೈದದ್ದೇಕೆಂದು ಇದರಿಂದ ತಿಳಿಯಬಹುದು.

ಕೆಟ್ಟದ್ದು ಮೂರು ಕಡೆ. ಒಂದನೆಯದು, ಬೆಲೆ. ಕಂದಾಯ ಪೌಂಡಿನಲ್ಲಿ ನಿಂತಿದೆ, ಕೊಬ್ಬರಿ ದರ ಇಳಿಯಿತು ಎಂದರೆ ಅದೇ ಕಂದಾಯಕ್ಕೆ ಹೆಚ್ಚು ಕಾಯಿ. ಚಂಡಮಾರುತ ಹೊಡೆದ ವರ್ಷವಂತೂ ಮರದಲ್ಲಿ ಕಾಯೇ ಇಲ್ಲ. ಏಟು ತಿಂದ ತೆಂಗು ಮತ್ತೆ ಸರಿಯಾಗಿ ಫಲ ಹಿಡಿಯಲು ವರ್ಷಗಳೇ ಬೇಕು. ಎರಡನೆಯದು, ವಾಪಸ್ ಬಂದ ಹಣ. ಅದು ಹಳ್ಳಿಯ ಕೈಗೆ ತಲುಪುವ ಮೊದಲು ಮುಖ್ಯಸ್ಥರ ಕೈ ದಾಟಬೇಕಿತ್ತು. ಮೂರನೆಯದು, ಒಣಗಿಸುವ ಕೆಲಸ. ಹಸಿ ತಿರುಳಿನಲ್ಲಿ ಅರ್ಧದಷ್ಟು ನೀರು, ಸರಿಯಾದ ಗಿಟುಕಿನಲ್ಲಿ ಶೇಕಡಾ 6ರ ಆಸುಪಾಸು. ಮಳೆ ದಿನಗಳಲ್ಲಿ ಅರೆಬರೆ ಒಣಗಿಸಿ ಚೀಲಕ್ಕೆ ತುಂಬಿದರೆ ಹಳದಿ ಹಸಿರು ಬೂಷ್ಟು ಹಿಡಿಯುತ್ತದೆ, ಹಡಗಿನ ತಳದಲ್ಲಿ ಕಾವೇರುತ್ತದೆ, ಕೆಂಗಾಲಿನ ಸಣ್ಣ ಜೀರುಂಡೆ ಸೇರಿಕೊಳ್ಳುತ್ತದೆ, ದಾರಿಯಲ್ಲಿ ತೂಕವೂ ಇಳಿಯುತ್ತದೆ. ವರ್ತಕ ಆ ನಷ್ಟವನ್ನು ಮುಂದಿನ ವರ್ಷದ ಟೆಂಡರಿನಲ್ಲಿ ಕಳೆದುಕೊಂಡೇ ದರ ಬರೆಯುತ್ತಾನೆ. ಒಂದು ಹಳ್ಳಿಯ ಸೋಮಾರಿತನಕ್ಕೆ ಇಡೀ ಪ್ರಾಂತ ದಂಡ ತೆರುವ ಲೆಕ್ಕ ಇದು.

ಕಾಫಿ ಬೇಗ ಪಟ್ಟಿಯಿಂದ ಬಿತ್ತು. ಕೊಡಗು, ಚಿಕ್ಕಮಗಳೂರಿನವರಿಗೆ ಗೊತ್ತಿರುವ ಎಲೆ ತುಕ್ಕು ರೋಗವೇ 1879ರ ಹೊತ್ತಿಗೆ ಅಲ್ಲಿಗೂ ಮುಟ್ಟಿತ್ತು.

ಪ್ರಶ್ನೆ: ‘ಗಿರ್ಮಿಟ್’ ಕರಾರಿನಲ್ಲಿ ಔಷಧ, ಆಸ್ಪತ್ರೆ ಉಚಿತ ಎಂದಿತ್ತೆಂದು ಓದಿದೆ. ಹಾಗಿದ್ದರೆ ಅದು ಅಷ್ಟು ಕೆಟ್ಟದ್ದೇ? — ಹುಬ್ಬಳ್ಳಿಯಿಂದ

ಉತ್ತರ: ಮೊದಲು ಹುಬ್ಬಳ್ಳಿಯವರಿಗೊಂದು ಸ್ಪಷ್ಟನೆ: ಇದು ಮಂಡಕ್ಕಿ ಗಿರ್ಮಿಟ್ ಅಲ್ಲ. ಭಾರತದಿಂದ ಫೀಜಿಯ ತೋಟಗಳಿಗೆ ದುಡಿಯಲು ಹೋದವರ ಕರಾರು ಇದು. ‘ಅಗ್ರಿಮೆಂಟ್’ ಆ ಕೂಲಿಗಳ ಬಾಯಲ್ಲಿ ಗಿರ್ಮಿಟ್ ಆಯಿತು, ಹೋದವರು ಗಿರ್ಮಿಟಿಯಾ ಆದರು.

ಕರಾರಿನಲ್ಲಿ ಇದ್ದದ್ದು ಹೀಗೆ: 5 ವರ್ಷದ ದುಡಿಮೆ. ವಾರದಲ್ಲಿ 5 ದಿನ 9 ಗಂಟೆ, ಶನಿವಾರ 5 ಗಂಟೆ. ಗಂಡಸಿಗೆ ದಿನಕ್ಕೆ 1 ಶಿಲಿಂಗ್, ಹೆಂಗಸಿಗೆ 9 ಪೆನ್ಸ್. ಮೊದಲ 6 ತಿಂಗಳು ಯಜಮಾನನೇ ಪಡಿ ಕೊಟ್ಟು ದಿನಕ್ಕೆ 4 ಪೆನ್ಸ್ ಕಡಿದುಕೊಳ್ಳುತ್ತಾನೆ. ಆಸ್ಪತ್ರೆ, ಔಷಧ, ವೈದ್ಯರ ಆರೈಕೆ ಉಚಿತ. 10 ವರ್ಷ ಕಳೆದರೆ ಊರಿಗೆ ಮರಳಲು ಹಡಗಿನ ಖರ್ಚು ಸರ್ಕಾರದ್ದು.

ಈಗ ಕೂಡಿಸಿ ನೋಡಿ. ಗಂಡಾಳು ಒಂದು ದಿನವೂ ತಪ್ಪಿಸದೆ ದುಡಿದರೆ ವಾರಕ್ಕೆ ಐದೂವರೆ ಕೂಲಿ, 66 ಪೆನ್ಸ್. ಪಡಿಗೆ ವಾರದ 7 ದಿನವೂ ಕಡಿತ, 28 ಪೆನ್ಸ್. ಉಳಿದದ್ದು 38 ಪೆನ್ಸ್, 2 ರೂಪಾಯಿ 6 ಆಣೆ. ಮೂರು ದಿನ ಜ್ವರ ಬಂತು ಎನ್ನಿ: ಮೂರು ಕೂಲಿ ಹೋಯಿತು, ಪಡಿಯ ಕಡಿತ ನಿಲ್ಲದಿದ್ದರೆ ಕೈಗೆ ಬರುವುದು 2 ಪೆನ್ಸ್. ಔಷಧ ಉಚಿತ, ಕಾಯಿಲೆ ಉಚಿತವಲ್ಲ.

ಇದಕ್ಕಿಂತ ದೊಡ್ಡ ತೊಡಕು ‘ಟಾಸ್ಕ್’. ಕೂಲಿ ಕೊಡುತ್ತಿದ್ದದ್ದು ಬಹುಮಟ್ಟಿಗೆ ಗಂಟೆಗಲ್ಲ, ಅಳೆದುಕೊಟ್ಟ ಕೆಲಸಕ್ಕೆ. ಸಾಧಾರಣ ಆರೋಗ್ಯವಂತ ಗಂಡಸು 6 ಗಂಟೆ ಬಿಡದೆ ದುಡಿದರೆ ಮುಗಿಯುವಷ್ಟು ಎಂಬುದು ಅದರ ಅಳತೆ. ಸಾಧಾರಣ ಯಾರು ಎಂದು ತೀರ್ಮಾನಿಸುವವನು ಮೇಲ್ವಿಚಾರಕ. ಗಟ್ಟಿಮುಟ್ಟಾದವನನ್ನು ಮಾದರಿಯಾಗಿಟ್ಟರೆ ಹೊಸಬರು, ಬಾಣಂತಿಯರು, ಕರುಳಿನಲ್ಲಿ ರಕ್ತ ಹೀರುವ ಕೊಕ್ಕೆಹುಳು ಹಿಡಿದು ಬಿಳಿಚಿಕೊಂಡವರು ಮುಗಿಸಲಾರರು. ಮುಗಿಸದಿದ್ದರೆ ಕೂಲಿ ಕಡಿತವಷ್ಟೇ ಅಲ್ಲ, ಕೋರ್ಟು, ದಂಡ, ಜೈಲು. ಗೈರುಹಾಜರಾದ ದಿನಗಳು ಕರಾರಿನ ಕೊನೆಗೆ ಸೇರಿಕೊಳ್ಳುತ್ತಿದ್ದವು.

ವಾಸದ ‘ಲೈನು’ಗಳನ್ನೂ ನೋಡಬೇಕು. 10 ಅಡಿ ಉದ್ದ 7 ಅಡಿ ಅಗಲದ ಕೋಣೆಯಲ್ಲಿ ಮೂವರು ಗಂಡಸರು, ಇಲ್ಲವೇ ಒಂದು ಸಂಸಾರ. ಒಲೆಯೂ ಅಲ್ಲೇ. ಕೋಣೆ ಕೋಣೆಗಳ ನಡುವಿನ ಗೋಡೆ ಮಾಡಿನವರೆಗೆ ಹೋಗುತ್ತಿರಲಿಲ್ಲ, ಹೊಗೆ, ಕೆಮ್ಮು, ಜಗಳ ಎಲ್ಲವೂ ಇಡೀ ಸಾಲಿಗೆ ಹಂಚಿಕೆ. ಆಸ್ಪತ್ರೆ ತೋಟದ ಯಜಮಾನನದೇ. ಯಾರಿಗೆ ನಿಜವಾಗಿ ಹುಷಾರಿಲ್ಲ, ಯಾರು ಕಳ್ಳಾಟ ಆಡುತ್ತಿದ್ದಾರೆ ಎಂದು ಮೊದಲು ಹೇಳುವವನು ವೈದ್ಯನಲ್ಲ, ಕೆಲಸ ಮಾಡಿಸುವವನು. ಕಾಗದದ ಮೇಲೆ ಒಳ್ಳೆಯ ಕಾನೂನು ನೆಲದ ಮೇಲೆ ಸೋತದ್ದು ಇಲ್ಲಿ.

1879ರಿಂದ 1916ರವರೆಗೆ 60 ಸಾವಿರಕ್ಕೂ ಹೆಚ್ಚು ಜನ ಹೋದರು. ಉಳಿದಿದ್ದ ಕರಾರುಗಳನ್ನೆಲ್ಲ 1920ರ ಜನವರಿ 1ರಂದು ರದ್ದು ಮಾಡಲಾಯಿತು.

ಪ್ರಶ್ನೆ: ಫೀಜಿ ಸಕ್ಕರೆಯ ವ್ಯಾಪಾರ ಯಾರ ಕೈಯಲ್ಲಿತ್ತು? ರೈತನಿಗೆ ಎಷ್ಟು ಸಿಗುತ್ತಿತ್ತು? — ಮಂಡ್ಯ

ಉತ್ತರ: ಒಂದೇ ಕಂಪನಿಯ ಕೈಯಲ್ಲಿ. ಸಿಡ್ನಿಯ ಕಲೋನಿಯಲ್ ಶುಗರ್ ರಿಫೈನಿಂಗ್ ಕಂಪನಿ 1880ರಲ್ಲಿ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು 1882ರಲ್ಲಿ ನೌಸೋರಿಯಲ್ಲಿ ಕಬ್ಬು ಅರೆಯಲು ಶುರು ಮಾಡಿತು. ಆಮೇಲೆ ರಾರಾವಾಯ್, ಲಂಬಾಸಾ, 1903ರಲ್ಲಿ ಲೌಟೋಕಾ. 1926ರ ಹೊತ್ತಿಗೆ ಪ್ರತಿಸ್ಪರ್ಧಿಯೇ ಉಳಿಯಲಿಲ್ಲ. ಕಚ್ಚಾ ಸಕ್ಕರೆಯ ದೊಡ್ಡ ಪಾಲು ಆಕ್ಲೆಂಡಿನ ಚೆಲ್ಸಿಯಲ್ಲಿದ್ದ ಅದೇ ಕಂಪನಿಯ ಶುದ್ಧೀಕರಣ ಘಟಕಕ್ಕೆ ಹೋಗುತ್ತಿತ್ತು. ಮಾರುವವನೂ ಕೊಳ್ಳುವವನೂ ಒಬ್ಬನೇ ಆದಾಗ ರಫ್ತಿನ ಬೆಲೆ ಎಂಬುದು ಎಡಗೈಯಿಂದ ಬಲಗೈಗೆ ಬರೆದ ಚೀಟಿ. ಹಳೆಯ ವಾಣಿಜ್ಯ ಅಂಕಿಅಂಶಗಳಲ್ಲಿ ಫೀಜಿ ಸಕ್ಕರೆಯ ‘ಮೌಲ್ಯ’ ನೋಡುವಾಗ ಇದನ್ನು ಮರೆಯಬಾರದು. ಟನ್ ಲೆಕ್ಕವನ್ನು ನಂಬಿ, ಪೌಂಡ್ ಲೆಕ್ಕವನ್ನು ಅನುಮಾನದಿಂದ ಓದಿ.

ಗಿರ್ಮಿಟ್ ಮುಗಿದ ಮೇಲೆ ಕಂಪನಿ ತನ್ನ ತೋಟಗಳನ್ನು ಸುಮಾರು 10 ಎಕರೆಯ ತುಂಡು ಮಾಡಿ ಗೇಣಿಗೆ ಕೊಟ್ಟಿತು. ಕಡಿದ ಕಬ್ಬು ನಿಂತಷ್ಟೂ ಸಕ್ಕರೆ ಇಳಿಯುತ್ತದೆ, ನಿಮಗೆ ಹೇಳಬೇಕಾಗಿಲ್ಲ. ಗದ್ದೆಗಳ ನಡುವೆ ಹಾದುಹೋದ 2 ಅಡಿ ಅಗಲದ ಪುಟ್ಟ ರೈಲು ಹಳಿಯೂ ಕಂಪನಿಯದೇ, ಕಟಾವಿನ ಸರದಿಯೂ ಅದರದೇ. ಹಳಿ ಯಾವ ಹೊಲದ ಬಳಿ ಹಾದಿದೆ ಎಂಬುದರ ಮೇಲೆ ಒಬ್ಬ ರೈತನ ಬಾಳು ನಿಂತಿತ್ತು. ಪಾಲಿನ ಜಗಳ ದಶಕಗಟ್ಟಲೆ ನಡೆದು, 1970ರಲ್ಲಿ ಬ್ರಿಟಿಷ್ ನ್ಯಾಯಾಧೀಶ ಲಾರ್ಡ್ ಡೆನ್ನಿಂಗ್ ಆದಾಯದ ಶೇಕಡಾ 65 ಬೆಳೆಗಾರರಿಗೆ, 35 ಕಾರ್ಖಾನೆಗೆ ಎಂದು ತೀರ್ಪಿತ್ತರು. ಈ ದರದಲ್ಲಿ ಗಿಟ್ಟದು ಎಂದು ಕಂಪನಿ 1973ರಲ್ಲಿ ಜಾಗ ಖಾಲಿ ಮಾಡಿತು. ನಮ್ಮಲ್ಲಿ ರಂಗರಾಜನ್ ಸಮಿತಿ 2012ರಲ್ಲಿ ಸೂಚಿಸಿದ 70:30 ಸೂತ್ರವೂ ಇದೇ ಜಾತಿಯದು.

ಪ್ರಶ್ನೆ: ದಡಾರ ಮಕ್ಕಳ ಕಾಯಿಲೆ. ಅದರಿಂದ ಫೀಜಿಯಲ್ಲಿ 40 ಸಾವಿರ ಜನ ಸತ್ತರೆಂದರೆ ನಂಬುವುದು ಹೇಗೆ? — ಉಡುಪಿಯ ಶಿಕ್ಷಕರೊಬ್ಬರು

ಉತ್ತರ: ನಂಬಬೇಕು. ಸುಮಾರು ಒಂದೂವರೆ ಲಕ್ಷ ಜನರಿದ್ದ ನಾಡು ಅದು. ದಡಾರ ‘ಮಕ್ಕಳ ಕಾಯಿಲೆ’ ಆಗಿರುವುದು ನಮ್ಮಲ್ಲಿ ದೊಡ್ಡವರಿಗೆಲ್ಲ ಚಿಕ್ಕಂದಿನಲ್ಲೇ ಬಂದು ಹೋಗಿರುತ್ತದೆ ಎಂಬ ಕಾರಣಕ್ಕೆ ಮಾತ್ರ. ಫೀಜಿಯಲ್ಲಿ ಅದು ಯಾರಿಗೂ ಬಂದಿರಲಿಲ್ಲ.

ದಾರಿ ಹೀಗಿದೆ. ಹಸ್ತಾಂತರದ ನಂತರ ಥಾಕೊಂಬಾವ್ ಮಕ್ಕಳೊಂದಿಗೆ ಸಿಡ್ನಿಗೆ ಹೋದ. ಅಲ್ಲಿ ಅವನಿಗೆ ದಡಾರ ಬಂದು ವಾಸಿಯಾಯಿತು. ಬ್ರಿಟಿಷ್ ಯುದ್ಧನೌಕೆ ಡೈಡೋ 1875ರ ಜನವರಿ 12ರಂದು ಲೆವುಕಾ ಮುಟ್ಟಿದಾಗ ಮಗನ ಮೈಯಲ್ಲಿ ರೋಗವಿತ್ತು. ಹಡಗಿನಲ್ಲಿ ರೋಗವಿದೆ ಎಂದು ಸಾರುವ ಹಳದಿ ಬಾವುಟ ಏರಲಿಲ್ಲ, ಹಡಗನ್ನು ತಡೆಯಲಿಲ್ಲ. ದೊರೆ ಬಂದನೆಂದು ಬಂಧುಗಳು ಹಡಗೇರಿ ಮೂಗು ತಾಗಿಸಿ ಬರಮಾಡಿಕೊಂಡರು. ಹತ್ತಾರು ದಿನಗಳಲ್ಲೇ ರೇವಾ ನದಿಯ ದಡದ ನವುಸೋದಲ್ಲಿ ಹೊಸ ಆಡಳಿತ ಗುಡ್ಡಗಾಡಿನ ಮುಖಂಡರ ಸಭೆ ಕರೆದಿತ್ತು. ದಡಾರ ಮೈಗೆ ಸೇರಿ ಜ್ವರ, ಗುಳ್ಳೆ ಕಾಣಲು 10ರಿಂದ 14 ದಿನ ಬೇಕು. ಮುಖಂಡರು ಗಟ್ಟಿಯಾಗಿಯೇ ಬೀಳ್ಕೊಂಡು, ಒಬ್ಬೊಬ್ಬರು ಒಂದೊಂದು ಕಣಿವೆಗೆ ಸೋಂಕು ಹೊತ್ತು ನಡೆದರು. ರೋಗ ಹಂಚಲು ಯೋಜನೆ ಹಾಕಿದ್ದರೂ ಇಷ್ಟು ಪಕ್ಕಾ ಆಗುತ್ತಿರಲಿಲ್ಲ.

ಸಾವಿಗೆ ‘ಜನಾಂಗದ ಬಲಹೀನತೆ’ ಕಾರಣ ಎಂದು ಆಗಿನವರು ಬರೆದದ್ದು ಶುದ್ಧ ಅಸಂಬದ್ಧ. ಮನೆಯ ಎಲ್ಲರೂ ಒಂದೇ ವಾರ ಮಲಗಿದರೆ ನೀರು ತರುವವರಿಲ್ಲ, ಗೆಣಸು ಅಗೆಯುವವರಿಲ್ಲ, ಹಾಲೂಡಿಸುವ ತಾಯಿಗೇ ಪ್ರಜ್ಞೆ ಇಲ್ಲ. ಜ್ವರದ ಉರಿ ತಾಳದೆ ಹೊಳೆಯಲ್ಲಿ ಮಲಗಿದವರಿದ್ದರು. ರೋಗದ ಬೆನ್ನಿಗೆ ಬಂದ ರಕ್ತಭೇದಿ, ನ್ಯುಮೋನಿಯಾ ಹೆಚ್ಚಿನವರನ್ನು ಕೊಂಡೊಯ್ದವು. ಈ ಪೆಟ್ಟು ಬೊಕ್ಕಸಕ್ಕೂ ಬಿತ್ತು: ಕಂದಾಯ ಕಟ್ಟಬೇಕಾದ ಮೈಗಳೇ ಮಣ್ಣಾಗಿದ್ದವು. 1881ರ ಗಣತಿಯಲ್ಲಿ 1,14,748 ಇದ್ದ ಮೂಲನಿವಾಸಿಗಳು 1911ಕ್ಕೆ 87,096, 1921ಕ್ಕೆ 84,475. ಕುಸಿತ ಯಾಕೆಂದು ಕೇಳಲು ನೇಮಿಸಿದ ಆಯೋಗ 1896ರಲ್ಲಿ ವರದಿ ಕೊಟ್ಟಿತು.

ಪಾಠವಂತೂ ಕಲಿತರು. 1879ರ ಮೇ 14ರಂದು ಕಲ್ಕತ್ತೆಯಿಂದ ಮೊದಲ 463 ಗಿರ್ಮಿಟಿಯಾಗಳನ್ನು ತಂದ ಲಿಯೊನಿಡಾಸ್ ಹಡಗಿನಲ್ಲಿ ಕಾಲರಾ, ಸಿಡುಬು ಎರಡೂ ಇದ್ದವು. ಅದನ್ನು ದೂರವೇ ನಿಲ್ಲಿಸಿ, ಜನರನ್ನು ಯಾನುಥಾ ಲೈಲೈ ಎಂಬ ಪುಟ್ಟ ದ್ವೀಪದಲ್ಲಿ ತಿಂಗಳುಗಟ್ಟಲೆ ಇರಿಸಿದರು. ರೋಗ ದಡ ಹತ್ತಲಿಲ್ಲ. ನೂರಾರು ಜನರ ಹಡಗು ಹೆಚ್ಚು ಅಪಾಯ ಎಂಬುದಕ್ಕೆ ಕಾರಣವಿದೆ. 15 ಜನ ನಾವಿಕರ ಹಾಯಿದೋಣಿಯಲ್ಲಿ ಸೋಂಕು ಒಬ್ಬರಿಂದೊಬ್ಬರಿಗೆ ದಾಟಿ ಎರಡು ತಿಂಗಳಲ್ಲಿ ತಾನೇ ಆರುತ್ತದೆ. 500 ಜನರಿದ್ದಲ್ಲಿ ಕೊನೆಯ ದಿನದವರೆಗೂ ಹೊಸ ಮೈ ಸಿಗುತ್ತಲೇ ಇರುತ್ತದೆ. ಹಬೆ ಹಡಗು ಬಂದು ಪ್ರಯಾಣ ವಾರಕ್ಕಿಳಿದಾಗ ಸಣ್ಣ ಹಡಗೂ ಅಷ್ಟೇ ಅಪಾಯವಾಯಿತು.

1918ರ ನವೆಂಬರಿನಲ್ಲಿ ಆಕ್ಲೆಂಡಿನಿಂದ ಬಂದ ಟಲೂನ್ ಹಡಗು ಇನ್‌ಫ್ಲುಯೆಂಜಾ ತಂದಾಗ ಅದೇ ಆಯಿತು. ನ್ಯೂಜಿಲೆಂಡಿನ ಕೈಯಲ್ಲಿದ್ದ ಪಶ್ಚಿಮ ಸಮೋವಾದಲ್ಲಿ ಸುಮಾರು 8,500 ಸಾವು, ಐವರಲ್ಲಿ ಒಬ್ಬರು. ಫೀಜಿಯಲ್ಲಿ ಶೇಕಡಾ 5ರ ಸುಮಾರು. ಪಕ್ಕದ ಅಮೆರಿಕನ್ ಸಮೋವಾದಲ್ಲಿ ಗವರ್ನರ್ ಜಾನ್ ಪೋಯರ್ ಬಂದರು ಮುಚ್ಚಿದ. ಅಲ್ಲಿ ಒಂದೂ ಸಾವಿಲ್ಲ. ಖರ್ಚಿನ ಮಾತಾಡುವವರಿಗೆ ಈ ಲೆಕ್ಕ ಸಾಕು: ಕೆಲವು ವಾರಗಳ ಸುಂಕದ ನಷ್ಟ ಒಂದು ಕಡೆ, ಎಂಟೂವರೆ ಸಾವಿರ ಹೆಣ ಇನ್ನೊಂದು ಕಡೆ.

ಪ್ರಶ್ನೆ: ಬಡ ವಸಾಹತು ವೈದ್ಯರನ್ನು ಎಲ್ಲಿಂದ ತಂದಿತು? — ಬೆಳಗಾವಿಯ ವೈದ್ಯಕೀಯ ವಿದ್ಯಾರ್ಥಿನಿ

ಉತ್ತರ: ತರಲಿಲ್ಲ, ಬೆಳೆಸಿತು. ಯುರೋಪಿನ ವೈದ್ಯನೊಬ್ಬನ ಸಂಬಳ, ಮನೆ, ರಜೆ, ಹಡಗಿನ ಖರ್ಚು ಸೇರಿದರೆ ಬೊಕ್ಕಸಕ್ಕೆ ತಾಳುವಂತಿರಲಿಲ್ಲ. ಮುಖ್ಯ ವೈದ್ಯಾಧಿಕಾರಿ ವಿಲಿಯಂ ಮ್ಯಾಕ್‌ಗ್ರೆಗರ್ 1885ರಲ್ಲಿ ರಾಜಧಾನಿ ಸುವಾದ ಆಸ್ಪತ್ರೆಯಲ್ಲಿ ಫೀಜಿ ಯುವಕರಿಗೆ ತರಬೇತಿ ಶುರು ಮಾಡಿದ. 3 ವರ್ಷದ ಕಲಿಕೆ, 1888ರಲ್ಲಿ ಮೊದಲ ತಂಡ ಹೊರಬಿತ್ತು. ‘ನೇಟಿವ್ ಮೆಡಿಕಲ್ ಪ್ರಾಕ್ಟೀಷನರ್’ ಎಂಬ ಹೆಸರಿನ ಇವರು ಸಿಡುಬಿನ ಚುಚ್ಚುಮದ್ದು, ಗಾಯ, ಹೆರಿಗೆ, ಭೇದಿ, ಹುಣ್ಣುಗಳನ್ನು ನೋಡಿಕೊಳ್ಳುತ್ತಿದ್ದರು. ಹಳ್ಳಿಯ ಭಾಷೆ ಬಲ್ಲವರಾದ್ದರಿಂದ ಕೆಲಸ ಆಗುತ್ತಿತ್ತು. ಸಂಬಳ ಮಾತ್ರ ಬಿಳಿಯ ವೈದ್ಯರ ಹತ್ತಿರಕ್ಕೂ ಬರುತ್ತಿರಲಿಲ್ಲ. ಕಲಿಸಿದ್ದು ಅಗ್ಗಕ್ಕೆಂದೇ ಎಂಬುದನ್ನು ಮುಚ್ಚಿಡಬೇಕಿಲ್ಲ.

1928ರಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಹಣ ಸೇರಿ ಅದು ಸೆಂಟ್ರಲ್ ಮೆಡಿಕಲ್ ಸ್ಕೂಲ್ ಆಯಿತು. ಟೋಂಗಾ, ಸಮೋವಾ, ಗಿಲ್ಬರ್ಟ್, ಸಾಲೊಮನ್ ದ್ವೀಪಗಳೂ ತಮ್ಮ ಪಾಲಿನ ಹಣ ಕಟ್ಟಿ ಹುಡುಗರನ್ನು ಕಳಿಸಿದವು. ಒಬ್ಬೊಬ್ಬರೇ ಕಾಲೇಜು ಕಟ್ಟಲಾರದ ಪುಟ್ಟ ಬೊಕ್ಕಸಗಳು ಕೂಡಿ ಒಂದನ್ನು ನಡೆಸಿದ ಈ ಏರ್ಪಾಡು ಬ್ರಿಟಿಷರು ಅಲ್ಲಿ ಮಾಡಿದ ಕೆಲಸಗಳಲ್ಲಿ ಗಟ್ಟಿಯಾದದ್ದು ಎಂಬುದು ನಮ್ಮ ಅಭಿಪ್ರಾಯ.

ಕುಷ್ಠರೋಗಕ್ಕೂ ಇದೇ ಸೂತ್ರ. 1911ರಲ್ಲಿ ತೆರೆದ ಮಾಕೊಂಗಾಯ್ ದ್ವೀಪದ ಆಸ್ಪತ್ರೆಗೆ ನೆರೆಯ ನಾಡುಗಳಿಂದಲೂ ರೋಗಿಗಳು ಬರುತ್ತಿದ್ದರು, ಖರ್ಚು ಆಯಾ ಸರ್ಕಾರದ್ದು. ಸಲ್ಫೋನ್ ಮಾತ್ರೆ ಬರುವವರೆಗೆ ಚಾಲಮೂಗ್ರ ಜಾತಿಯ ಎಣ್ಣೆಯ ಚುಚ್ಚುಮದ್ದು. ನಮ್ಮ ಪಶ್ಚಿಮ ಘಟ್ಟದ ಗರುಡಫಲ ಅದೇ ಕುಲದ ಮರ. 1969ರಲ್ಲಿ ಆಸ್ಪತ್ರೆ ಮುಚ್ಚಿತು.

ಪ್ರಶ್ನೆ: ಕೊಕ್ಕೆಹುಳುವಿಗೆ ಆಗ ಕೊಡುತ್ತಿದ್ದ ಔಷಧ ಯಾವುದು? — ಸಾಗರ

ಉತ್ತರ: ಮೊದಲು ಥೈಮಾಲ್, ಚೆನೊಪೋಡಿಯಂ ಎಣ್ಣೆ. 1921ರಲ್ಲಿ ಅಮೆರಿಕದ ವಿಜ್ಞಾನಿ ಮಾರಿಸ್ ಹಾಲ್ ಕಾರ್ಬನ್ ಟೆಟ್ರಾಕ್ಲೋರೈಡ್ ಕೆಲಸ ಮಾಡುತ್ತದೆಂದು ತೋರಿಸಿದ. ಮರುವರ್ಷವೇ ರಾಕ್‌ಫೆಲರ್ ಕಡೆಯ ಡಾ. ಎಸ್. ಎಂ. ಲ್ಯಾಂಬರ್ಟ್ ಫೀಜಿಯಲ್ಲಿ ಸಾವಿರಾರು ಜನರಿಗೆ ಕುಡಿಸಿದ. ದೊಡ್ಡವರಿಗೆ ಒಂದೇ ಸಲ ಸುಮಾರು 3 ಮಿಲಿಲೀಟರ್, ಅಗ್ಗ, ಬೇಗ. ಆದರೆ ಅದು ಯಕೃತ್ತಿಗೆ ವಿಷ, ಹೆಂಡ ಕುಡಿದವರಿಗಂತೂ ಪ್ರಾಣಾಂತಿಕ. ಈಗ ಯಾರೂ ಬಳಸುವುದಿಲ್ಲ, ಹಳೆಯ ಪುಸ್ತಕ ನೋಡಿ ಯಾರೂ ಪ್ರಯೋಗ ಮಾಡಕೂಡದು. ಅಲ್ಲದೆ ಕಕ್ಕಸು ಕಟ್ಟದೆ, ಬರಿಗಾಲಲ್ಲಿ ಅದೇ ಹಸಿ ನೆಲ ತುಳಿಯುತ್ತಿದ್ದರೆ ಮರಿಹುಳು ಮತ್ತೆ ಪಾದದಿಂದಲೇ ಹೊಕ್ಕುತ್ತದೆ. ಔಷಧ ಅಗ್ಗ, ಕಕ್ಕಸು ದುಬಾರಿ. ತೋಟಗಳು ಯಾವುದನ್ನು ಆರಿಸಿದವೆಂದು ಊಹಿಸಿ.

ಪ್ರಶ್ನೆ: ಅಜ್ಜನ ಅಣ್ಣ ಮದ್ರಾಸಿನಿಂದ ಫೀಜಿಗೆ ಹೋದರೆಂದು ಮನೆಯಲ್ಲಿ ಮಾತಿದೆ. ಹುಡುಕುವುದು ಹೇಗೆ? — ಬಳ್ಳಾರಿ

ಉತ್ತರ: ಮದ್ರಾಸಿನಿಂದ ಹಡಗು ಹೊರಟದ್ದು 1903ರಿಂದ 1916ರವರೆಗೆ, ಅದಕ್ಕಿಂತ ಹಿಂದಿನ ವರ್ಷ ಹೇಳಿದರೆ ಮನೆಯ ಮಾತನ್ನು ಮತ್ತೊಮ್ಮೆ ವಿಚಾರಿಸಿ. ಆಗ ಬಳ್ಳಾರಿಯೂ ದಕ್ಷಿಣ ಕನ್ನಡವೂ ಮದ್ರಾಸ್ ಪ್ರಾಂತದಲ್ಲೇ ಇದ್ದವು. ಆದರೆ ಹೋದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನಂಥ ತಮಿಳು, ತೆಲುಗು, ಮಲಯಾಳ ಜಿಲ್ಲೆಗಳವರು. ಪ್ರತಿಯೊಬ್ಬರಿಗೂ ವಲಸೆ ಪಾಸು ಇತ್ತು: ಹಡಗು, ಕ್ರಮಸಂಖ್ಯೆ, ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು, ಎತ್ತರ, ಮೈಮೇಲಿನ ಗುರುತು. ಸುವಾದ ರಾಷ್ಟ್ರೀಯ ಪತ್ರಾಗಾರದಲ್ಲಿ ಅವುಗಳಿವೆ. ಹೆಸರಿನಿಂದ ಹುಡುಕಿದರೆ ಸೋಲುವುದೇ ಹೆಚ್ಚು, ಏಕೆಂದರೆ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ. ಊರಿನ ಹೆಸರನ್ನು ನಾಲ್ಕೈದು ಕಾಗುಣಿತದಲ್ಲಿ ಬರೆದಿಟ್ಟುಕೊಳ್ಳಿ, ತಂದೆಯ ಹೆಸರಿನೊಂದಿಗೆ ತಾಳೆ ಹಾಕಿ, ಫೀಜಿಯಲ್ಲಿ ಬಂಧುಗಳಿದ್ದರೆ ಮೊದಲು ಹಡಗಿನ ಹೆಸರು ಕೇಳಿ. ಹಡಗು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಆಮೇಲೆ ಕೆಲವು ನೂರು ಪಾಸುಗಳನ್ನು ಒಂದೊಂದಾಗಿ ನೋಡಬಹುದು. ವಯಸ್ಸಿನ ಅಂಕಣವನ್ನು ಅಂದಾಜು ಎಂದೇ ತಿಳಿಯಿರಿ.

ಪ್ರಶ್ನೆ: ಬನಾಬ ದ್ವೀಪವನ್ನು 50 ಪೌಂಡಿಗೆ ಕೊಂಡರಂತೆ, ನಿಜವೇ? — ಕಾರವಾರ

ಉತ್ತರ: ಕೊಂಡದ್ದಲ್ಲ, ಅದಕ್ಕಿಂತ ಚೆನ್ನಾಗಿ ಮಾಡಿದರು. ಬನಾಬ ಫೀಜಿಗೆ ಸೇರಿದ್ದಲ್ಲ, ಗಿಲ್ಬರ್ಟ್ ದ್ವೀಪಗಳ ವಸಾಹತಿನದು. ಈಗ ಕಿರಿಬಾತಿ ದೇಶದಲ್ಲಿದೆ. 1900ರ ಮೇ 3ರಂದು ಒಂದು ಕಂಪನಿಯ ಪರವಾಗಿ ಆಲ್ಬರ್ಟ್ ಎಲ್ಲಿಸ್ ಅಲ್ಲಿಳಿದು, ಗೊಬ್ಬರಕ್ಕೆ ಬೇಕಾದ ರಂಜಕದ ಕಲ್ಲನ್ನು ಇಡೀ ದ್ವೀಪದಲ್ಲಿ ತೆಗೆಯುವ ಹಕ್ಕನ್ನು 999 ವರ್ಷಕ್ಕೆ, ವರ್ಷಕ್ಕೆ 50 ಪೌಂಡ್ ಅಥವಾ ಅಷ್ಟು ಬೆಲೆಯ ಸಾಮಾನಿಗೆ ಬರೆಸಿಕೊಂಡ. ಸಹಿ ಹಾಕಿದವರಿಗೆ ಇಡೀ ದ್ವೀಪದ ಪರವಾಗಿ ಬರೆದುಕೊಡುವ ಅಧಿಕಾರವೇ ಇರಲಿಲ್ಲ.

1920ರಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸರ್ಕಾರಗಳೇ ಆ ಗಣಿ ಕಂಪನಿಯನ್ನು ಕೊಂಡವು, ಪಾಲು ಶೇಕಡಾ 42, 42, 16. ಸೂಕ್ಷ್ಮ ಇರುವುದು ಇಲ್ಲಿ. ಗೊಬ್ಬರವನ್ನು ತಮ್ಮ ರೈತರಿಗೆ ತಗಲಿದ ಖರ್ಚಿಗೇ ಮಾರುವುದು ಅವರ ನೀತಿ. ಲಾಭವೇ ತೋರಿಸದಿದ್ದರೆ ಲಾಭದ ಪಾಲು ಕೇಳುವುದೆಲ್ಲಿ? ಪುಸ್ತಕದಲ್ಲಿ ಯಾರೂ ಕದ್ದಿಲ್ಲ, ಆದರೂ ದ್ವೀಪದ ಮಣ್ಣಿನ ಬೆಲೆ ಆಸ್ಟ್ರೇಲಿಯಾದ ಗೋಧಿ ಹೊಲಕ್ಕೆ, ನ್ಯೂಜಿಲೆಂಡಿನ ಹುಲ್ಲುಗಾವಲಿಗೆ ಹರಿಯಿತು. ಸಿಕ್ಕ ಸ್ವಲ್ಪ ಗೌರವಧನದಲ್ಲೂ ದೊಡ್ಡ ಪಾಲು ಇಡೀ ಗಿಲ್ಬರ್ಟ್ ಆಡಳಿತ ನಡೆಸಲು ಹೋಯಿತು, ನೆಲದ ಒಡೆಯರಿಗೆ ಚೂರುಪಾರು. ವಸಾಹತು ತನ್ನ ಕಾಲ ಮೇಲೆ ನಿಲ್ಲಬೇಕೆಂಬ ಲಂಡನ್ನಿನ ನಿಯಮದ ತೂಕವನ್ನು ಹೊತ್ತದ್ದು ಒಂದೇ ದ್ವೀಪ. 1956ರಲ್ಲಿ ಮಾತ್ರ ರಂಜಕದ ಆದಾಯದಲ್ಲಿ ಒಂದಂಶ ಎತ್ತಿಡುವ ಮೀಸಲು ನಿಧಿ ಹುಟ್ಟಿತು. ಅದು ಇಂದಿಗೂ ಕಿರಿಬಾತಿಯ ಬೊಕ್ಕಸಕ್ಕೆ ಆಸರೆ.

ಗಣಿ ತೋಡಿದಲ್ಲಿ ಸುಣ್ಣಕಲ್ಲಿನ ಚೂಪು ಕಂಬಗಳಷ್ಟೇ ಉಳಿಯುತ್ತವೆ, ಬೆಳೆ ಹಾಕಲು ಮಣ್ಣಿಲ್ಲ. ಬರಗಾಲದಲ್ಲಿ ಹೆಂಗಸರು ನೆಲದಡಿಯ ಗುಹೆಗಳಿಗಿಳಿದು ಚಿಪ್ಪಿನಲ್ಲಿ ನೀರು ತುಂಬಿ ತರುತ್ತಿದ್ದ ದ್ವೀಪ ಅದು. 1942ರಲ್ಲಿ ಬನಾಬದವರ ಸ್ವಂತ ನಿಧಿಯ 25,000 ಪೌಂಡಿನಿಂದಲೇ ಫೀಜಿಯ ರಂಬಿ ದ್ವೀಪವನ್ನು ಕೊಂಡು, ಯುದ್ಧ ಮುಗಿದ ಮೇಲೆ 1945ರ ಡಿಸೆಂಬರ್ 15ರಂದು ಅವರನ್ನು ಅಲ್ಲಿಳಿಸಿದರು: ಚಂಡಮಾರುತದ ಕಾಲ, ಡೇರೆ, ಎರಡು ತಿಂಗಳ ಪಡಿ. 1970ರ ದಶಕದಲ್ಲಿ ಅವರು ಲಂಡನ್ನಿನಲ್ಲಿ ದಾವೆ ಹೂಡಿದರು. ನ್ಯಾಯಾಧೀಶ ಮೆಗಾರಿ ಸರ್ಕಾರಕ್ಕೆ ನೈತಿಕ ಹೊಣೆ ಇದೆ, ಕೋರ್ಟು ಜಾರಿ ಮಾಡಬಹುದಾದ ಟ್ರಸ್ಟ್ ಅಲ್ಲ ಅಂದರು. ಮೂರು ಸರ್ಕಾರಗಳು 1977ರಲ್ಲಿ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡುತ್ತೇವೆ ಅಂದವು. ಗಣಿ 1979ರಲ್ಲಿ ನಿಂತಿತು. ಕರಾರಿನ ಪ್ರಕಾರವಾದರೆ ಇನ್ನೂ 920 ವರ್ಷ ಬಾಕಿಯಿತ್ತು.